ಯುದ್ಧಕ್ಕೊಂದು ಅಳತೆ, ಗರ್ಭಕ್ಕೊಂದು ಅಳತೆಯೇ?

ಜೀವ ತೆಗೆಯುವುದು ತಪ್ಪು ಎಂಬ ಮಾತನ್ನು ಒಪ್ಪದವರು ವಿರಳ. ಆದರೆ ಆ ಮಾತನ್ನು ಎಲ್ಲಿ ಅನ್ವಯಿಸಬೇಕು, ಎಲ್ಲಿ ಸಡಿಲಿಸಬೇಕು ಎಂಬ ಪ್ರಶ್ನೆ ಎದುರಾದಾಗ ನಮ್ಮ ತಕ್ಕಡಿಗಳು ಬೇರೆ ಬೇರೆಯಾಗುತ್ತವೆ. ಗಡಿಯಲ್ಲಿ ಗುಂಡಿನ ಸದ್ದು ಕೇಳಿದೊಡನೆ ಶತ್ರುವಿನ ಊರುಗಳನ್ನೇ ನೆಲಸಮಗೊಳಿಸಬೇಕೆಂದು ಆವೇಶದಿಂದ ನುಡಿಯುವ ವ್ಯಕ್ತಿ, ಗರ್ಭಪಾತದ ಮಾತು ಬಂದೊಡನೆ ಭ್ರೂಣಹತ್ಯೆ ಮಹಾಪಾಪವೆನ್ನುತ್ತಾನೆ. ಯುದ್ಧವನ್ನೂ ಮರಣದಂಡನೆಯನ್ನೂ ಜೀವದ ಹೆಸರಿನಲ್ಲಿ ವಿರೋಧಿಸುವ ಇನ್ನೊಬ್ಬ, ಗರ್ಭಪಾತ ಮಹಿಳೆಯ ಹಕ್ಕೆಂದು ವಾದಿಸುತ್ತಾನೆ. ಇಬ್ಬರೂ ಪರಸ್ಪರರನ್ನು ಕಪಟಿಯೆಂದು ಕರೆಯುತ್ತಾರೆ. ಇವರಲ್ಲಿ ಯಾರ ನಿಲುವು ಸುಸಂಗತ? ಅಥವಾ ಸುಸಂಗತಿ ಎಂದರೇನು?

ಇದು ಪಾಶ್ಚಾತ್ಯ ದೇಶಗಳ ಚುನಾವಣಾ ವೇದಿಕೆಗಳಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ಭಾವಿಸುವವರುಂಟು. ಆದರೆ ಚಿತ್ತಾಪುರ, ಸೇಡಂ, ಶಹಾಬಾದ್, ವಾಡಿ, ಚಿಂಚೋಳಿಗಳ ನೆಲದಲ್ಲಿಯೇ ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ. ಭೀಮಾ ತೀರದ ಸನ್ನತಿಯಲ್ಲಿ ಒಬ್ಬ ಚಕ್ರವರ್ತಿಯ ಶಾಸನ, ಕಾಗಿಣಾ ತೀರದ ಮಳಖೇಡದಲ್ಲಿ ಒಂದು ಧರ್ಮದ ಚಿಂತನೆ, ಶಹಾಬಾದ್ ಸಮೀಪದ ಮರತೂರಿನಲ್ಲಿ ಒಬ್ಬ ನ್ಯಾಯಶಾಸ್ತ್ರಜ್ಞನ ನೆನಪು – ಈ ಮೂರೂ ಜೀವಹಾನಿಯ ಅಳತೆಯನ್ನು ಕುರಿತೇ ಮಾತನಾಡುತ್ತವೆ.

ಸುಸಂಗತಿ ಎಂದರೆ ಒಂದೇ ಉತ್ತರವಲ್ಲ

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಎರಡು ವಿಷಯಗಳಲ್ಲಿ ಒಂದೇ ತೀರ್ಪು ನೀಡುವುದಷ್ಟೇ ನೈತಿಕ ಸುಸಂಗತಿಯಲ್ಲ; ಎರಡಕ್ಕೂ ಒಂದೇ ಅಳತೆಗೋಲನ್ನು ಬಳಸುವುದು ಸುಸಂಗತಿ. ಒಂದೇ ಸೇರಿನಿಂದ ಅಳೆದರೂ ಜೋಳದ ತೂಕ ಬೇರೆ, ಹತ್ತಿಕಾಳಿನ ತೂಕ ಬೇರೆ. ಅದರಲ್ಲಿ ಮೋಸವಿಲ್ಲ. ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಬಳಸಿದರೆ ಮಾತ್ರ ಅದು ಮೋಸ.

ಜೀವಹಾನಿಯನ್ನು ಅಳೆಯಲು ಸಾಮಾನ್ಯವಾಗಿ ಐದು ಮಾನದಂಡಗಳನ್ನು ಬಳಸಲಾಗುತ್ತದೆ. ಮೊದಲನೆಯದು, ಅಳಿಯುತ್ತಿರುವ ಜೀವದ ಸ್ಥಾನ: ಅದು ಪೂರ್ಣ ಮನುಷ್ಯನೇ, ಮನುಷ್ಯನಾಗಲಿರುವ ಜೀವವೇ? ಎರಡನೆಯದು, ನಿರಪರಾಧಿತ್ವ. ಮೂರನೆಯದು, ಉದ್ದೇಶ: ಕೊಲ್ಲುವುದೇ ಗುರಿಯೇ, ಬೇರೊಂದನ್ನು ಕಾಪಾಡಲು ಹೋದಾಗ ಒದಗಿದ ಹಾನಿಯೇ? ನಾಲ್ಕನೆಯದು, ಅನಿವಾರ್ಯತೆ: ಬೇರೆ ದಾರಿಗಳೆಲ್ಲ ಮುಚ್ಚಿದ್ದವೇ? ಐದನೆಯದು, ಭಾರ ಮತ್ತು ಅಧಿಕಾರ: ಪರಿಣಾಮವನ್ನು ಹೊರುವವರು ಯಾರು, ತೀರ್ಮಾನಿಸುವವರು ಯಾರು?

ನಿರಪರಾಧಿಯನ್ನು ಕೊಲ್ಲಬಾರದು ಎಂಬ ಕಾರಣಕ್ಕೆ ಗರ್ಭಪಾತವನ್ನು ವಿರೋಧಿಸುವವನು, ಯುದ್ಧದಲ್ಲಿ ಊರಿನ ಮೇಲೆ ಬೀಳುವ ಬಾಂಬಿಗೂ ಅದೇ ಕಾರಣವನ್ನು ಅನ್ವಯಿಸಬೇಕು. ಆ ಊರಿನಲ್ಲಿ ಮಕ್ಕಳಿರುತ್ತಾರೆ, ಬಸುರಿಯರಿರುತ್ತಾರೆ. ಅವರ ಗರ್ಭದಲ್ಲಿರುವ ಜೀವವೂ ನಿರಪರಾಧಿಯೇ. ಹಾಗೆಯೇ, ಬಲಿಷ್ಠನು ದುರ್ಬಲನ ಮೇಲೆ ಹಿಂಸೆ ನಡೆಸಬಾರದೆಂಬ ಕಾರಣಕ್ಕೆ ಯುದ್ಧವನ್ನು ವಿರೋಧಿಸುವವನು, ಗರ್ಭಸ್ಥ ಜೀವವು ಆ ದುರ್ಬಲರ ಸಾಲಿಗೆ ಏಕೆ ಸೇರುವುದಿಲ್ಲ ಎಂಬುದಕ್ಕೆ ಸ್ಪಷ್ಟ ಕಾರಣ ಕೊಡಬೇಕಾಗುತ್ತದೆ. ಕಾರಣ ಕೊಡುವುದು ಅಸಾಧ್ಯವೇನಲ್ಲ. ಆದರೆ ಕೊಡದೆ ತಪ್ಪಿಸಿಕೊಳ್ಳುವಂತಿಲ್ಲ.

ಸನ್ನತಿಯ ಶಾಸನ ಹೇಳುವುದು, ಹೇಳದಿರುವುದು

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ಅಶೋಕನ ಶಾಸನವುಳ್ಳ ಕಲ್ಲುಚಪ್ಪಡಿ ಬೆಳಕಿಗೆ ಬಂದಿತು. ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ ಬೌದ್ಧ ಸ್ತೂಪದ ಅವಶೇಷಗಳ ಜೊತೆಗೆ ಅಶೋಕನ ಹೆಸರನ್ನೇ ಕೆತ್ತಿದ ಶಿಲ್ಪವೂ ದೊರೆಯಿತು. ಸನ್ನತಿಯಲ್ಲಿ ಉಳಿದು ಬಂದಿರುವ ಪಾಠದಲ್ಲಿ 12 ಮತ್ತು 14ನೆಯ ಶಾಸನಗಳ ಭಾಗಗಳಿವೆ; ಒಡಿಶಾದ ಧೌಲಿ, ಜೌಗಡಗಳಲ್ಲಿ ಕಂಡುಬರುವ ಎರಡು ಪ್ರತ್ಯೇಕ ಶಾಸನಗಳಿವೆ. ಎಲ್ಲ ಪ್ರಜೆಗಳೂ ತನ್ನ ಮಕ್ಕಳೆಂದು ಚಕ್ರವರ್ತಿಯು ಹೇಳುವುದು ಈ ಪ್ರತ್ಯೇಕ ಶಾಸನಗಳಲ್ಲಿಯೇ.

ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ನುಡಿಯುವುದು 13ನೆಯ ಶಾಸನ. ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದದ್ದು, ಒಂದು ಲಕ್ಷ ಜನ ಹತರಾದದ್ದು, ಅದರ ಅನೇಕ ಪಟ್ಟು ಜನ ಸತ್ತದ್ದು ಅದರಲ್ಲಿ ದಾಖಲಾಗಿದೆ. ಸೋತವರ ನಾಡಾದ ಧೌಲಿ, ಜೌಗಡಗಳಲ್ಲಿ ಈ ಶಾಸನವನ್ನು ಕೆತ್ತಿಸಲಿಲ್ಲ; ಸನ್ನತಿಯಲ್ಲಿ ದೊರೆತ ಭಾಗದಲ್ಲಿಯೂ ಅದು ಇಲ್ಲ.

ಅಶೋಕನ 5ನೆಯ ಸ್ತಂಭಶಾಸನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಗಬ್ಬವಾದ ಅಥವಾ ಮರಿಗೆ ಹಾಲೂಡುತ್ತಿರುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳು ತುಂಬದ ಅವುಗಳ ಮರಿಗಳನ್ನೂ ಕೊಲ್ಲಬಾರದೆಂದು ಅದು ವಿಧಿಸುತ್ತದೆ. ಅಂದರೆ ಯುದ್ಧವನ್ನು ಕುರಿತು ಮರುಗಿದ ಅರಸನೇ ಗರ್ಭಸ್ಥ ಜೀವದ ರಕ್ಷಣೆಯನ್ನೂ, ಅದೂ ಪ್ರಾಣಿಗಳ ಮಟ್ಟದಲ್ಲಿ, ರಾಜಾಜ್ಞೆಯಾಗಿಸಿದನು. ಆದರೆ ಅದೇ ಅಶೋಕ ಮರಣದಂಡನೆಯನ್ನು ರದ್ದುಪಡಿಸಲಿಲ್ಲ. ದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಬಿಡುವು ನೀಡಿದನು ಅಷ್ಟೇ. ಕಾಡಿನ ಜನರಿಗೆ, ಪಶ್ಚಾತ್ತಾಪದಲ್ಲಿಯೂ ತನಗೆ ಶಕ್ತಿಯಿದೆಯೆಂದು 13ನೆಯ ಶಾಸನದಲ್ಲಿಯೇ ಎಚ್ಚರಿಸಿದನು. ಸುಸಂಗತಿಯತ್ತ ನಡೆದವರಲ್ಲಿ ಅಗ್ರಗಣ್ಯನಾದವನೂ ಅರ್ಧ ದಾರಿಯಲ್ಲಿಯೇ ನಿಂತನೆಂಬುದು ಗಮನಾರ್ಹ.

ಮಳಖೇಡದ ವರ್ಗೀಕರಣ

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೆಯ ಶತಮಾನದಲ್ಲಿ ಸುಮಾರು 64 ವರ್ಷ ಆಳಿದ ಅಮೋಘವರ್ಷ ನೃಪತುಂಗನು ಜೈನಾಚಾರ್ಯ ಜಿನಸೇನನನ್ನು ಗುರುವಾಗಿ ಗೌರವಿಸಿದವನು. ಅಹಿಂಸೆಯೇ ಪರಮವೆನ್ನುವ ಧರ್ಮಕ್ಕೆ ಸೈನ್ಯವುಳ್ಳ ಅರಸರು ಆಶ್ರಯ ನೀಡಿದರು. ಇದು ಹೇಗೆ ಸಾಧ್ಯವಾಯಿತು?

ಜೈನ ಪರಂಪರೆ ಗೃಹಸ್ಥರ ಪಾಲಿನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಅಡುಗೆ ಮೊದಲಾದ ಮನೆವಾರ್ತೆಯಲ್ಲಿ ಆಗುವುದು ಆರಂಭೀ. ಬೇಸಾಯವೇ ಮೊದಲಾದ ವೃತ್ತಿಯಲ್ಲಿ ಆಗುವುದು ಉದ್ಯೋಗೀ. ಆಕ್ರಮಣವನ್ನು ಎದುರಿಸುವಾಗ ಆಗುವುದು ವಿರೋಧೀ. ಮುನಿಗೆ ಎಲ್ಲವೂ ವರ್ಜ್ಯ. ಗೃಹಸ್ಥನು ಮೊದಲನೆಯದನ್ನು ಸಂಪೂರ್ಣವಾಗಿ ಬಿಡಬೇಕು. ಉಳಿದವುಗಳನ್ನು ಆದಷ್ಟು ಕಡಿಮೆ ಮಾಡಬೇಕು. ಉದ್ದೇಶ ಮತ್ತು ಅನಿವಾರ್ಯತೆ ಎಂಬ ಎರಡು ಮಾನದಂಡಗಳು ಇಲ್ಲಿ ಸ್ಪಷ್ಟವಾಗಿವೆ.

ಈ ಅಳತೆಯನ್ನು ಹಿಡಿದವನು ರಕ್ಷಣೆಯ ಯುದ್ಧವನ್ನು ಸಹಿಸಬಹುದು. ದಿಗ್ವಿಜಯದ ಯುದ್ಧವನ್ನು ಸಮರ್ಥಿಸಲಾರ. ಗರ್ಭದ ವಿಷಯದಲ್ಲಿಯೂ ಅವನು ತಾಯಿಯ ಪ್ರಾಣಾಪಾಯದ ಸಂದರ್ಭಕ್ಕೂ ಬೇರೆ ಸಂದರ್ಭಗಳಿಗೂ ವ್ಯತ್ಯಾಸವನ್ನು ಕಾಣಬೇಕಾಗುತ್ತದೆ. ಜಿನಸೇನನ ಆದಿಪುರಾಣದಲ್ಲಿ ಬರುವ ಭರತ-ಬಾಹುಬಲಿಯರ ಕಥೆ ಇದೇ ತರ್ಕದ್ದು. ಅಣ್ಣತಮ್ಮಂದಿರ ಕಲಹಕ್ಕೆ ಎರಡು ಸೈನ್ಯಗಳು ಏಕೆ ಸಾಯಬೇಕೆಂದು ಮಂತ್ರಿಗಳು ತಡೆದು, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸುತ್ತಾರೆ. ಹಕ್ಕು ಯಾರದೋ ಭಾರವೂ ಅವರದೇ ಆಗಲಿ ಎಂಬುದು ಅದರ ಸಾರ.

ಮರತೂರಿನ ಮಿತಾಕ್ಷರ

ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನ ಊರು ಮರತೂರೆಂದು ಹೇಳಲಾಗುತ್ತದೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಮಿತಾಕ್ಷರ ವ್ಯಾಖ್ಯಾನ ಇಂದಿಗೂ ಹಿಂದೂ ಕುಟುಂಬ ಕಾನೂನಿನ ಆಧಾರಗಳಲ್ಲೊಂದು.

ಆ ಸ್ಮೃತಿಯಲ್ಲಿ ಯುದ್ಧವೂ ಇದೆ, ಗರ್ಭವೂ ಇದೆ. ಬೆನ್ನು ತೋರದೆ, ಕಪಟವಿಲ್ಲದ ಆಯುಧಗಳಿಂದ ಹೋರಾಡಿ ಮಡಿದವರಿಗೆ ಸ್ವರ್ಗವೆಂದು ಅದು ಹೇಳುತ್ತದೆ. ಶರಣಾದವನನ್ನು, ಆಯುಧವಿಲ್ಲದವನನ್ನು, ಇನ್ನೊಬ್ಬನೊಡನೆ ಹೋರಾಡುತ್ತಿರುವವನನ್ನು, ಹಿಂದಿರುಗಿದವನನ್ನು, ಯುದ್ಧ ನೋಡಲು ಬಂದವನನ್ನು ಕೊಲ್ಲಬಾರದೆಂದೂ ವಿಧಿಸುತ್ತದೆ. ಇತ್ತ ಗರ್ಭವನ್ನು ಕೆಡಿಸಿದವನಿಗೆ ಅತ್ಯುನ್ನತ ದಂಡವನ್ನು ಗೊತ್ತುಪಡಿಸುತ್ತದೆ. ನಿರಪರಾಧಿಯ ರಕ್ಷಣೆ ಎಂಬ ಒಂದೇ ಸೂತ್ರ ಎರಡೂ ಕಡೆ ಕಾಣುತ್ತದೆ. ಆದರೆ ಗರ್ಭಹತ್ಯೆಯ ಪ್ರಾಯಶ್ಚಿತ್ತವನ್ನು ಮಾತ್ರ ಆ ಗರ್ಭದ ವರ್ಣಕ್ಕನುಗುಣವಾಗಿ ನಿಗದಿಪಡಿಸಲಾಗಿದೆ. ಹುಟ್ಟುವ ಮೊದಲೇ ಜೀವಕ್ಕೆ ಜಾತಿಯ ಬೆಲೆ ಕಟ್ಟುವ ಈ ಅಳತೆ ಸುಸಂಗತವೆನಿಸಲಾರದು.

ಮಿತಾಕ್ಷರ ಪದ್ಧತಿಯ ಮುಖ್ಯ ತತ್ವ ಹುಟ್ಟಿನಿಂದಲೇ ಬರುವ ಆಸ್ತಿಹಕ್ಕು. ಗರ್ಭದಲ್ಲಿದ್ದು ಅನಂತರ ಜೀವಂತವಾಗಿ ಹುಟ್ಟಿದ ಮಗುವಿಗೂ ವಾರಸಾ ಹಕ್ಕುಂಟೆಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಆದರೆ ಹುಟ್ಟಿನಿಂದ ಬರುವ ಪಿತ್ರಾರ್ಜಿತ ಹಕ್ಕು ಶತಮಾನಗಳ ಕಾಲ ಗಂಡುಮಕ್ಕಳಿಗೆ ಮಾತ್ರ ಸೀಮಿತವಾಗಿತ್ತು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿದ ತಿದ್ದುಪಡಿ ಜಾರಿಯಾದದ್ದು 1994ರಲ್ಲಿ, ದೇಶಾದ್ಯಂತ 2005ರಲ್ಲಿ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕೇಂದ್ರ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು ಕೂಡ 1994ರಲ್ಲಿಯೇ. ಆಸ್ತಿಯಲ್ಲಿ ಪಾಲಿಲ್ಲದ ಜೀವ ಗರ್ಭದಲ್ಲಿಯೇ ಬೇಡವಾಗುತ್ತದೆಂಬುದಕ್ಕೂ ಈ ಎರಡು ಕಾನೂನುಗಳಿಗೂ ಸಂಬಂಧವಿಲ್ಲವೆನ್ನಲಾಗದು.

1971: ಒಂದೇ ವರ್ಷದ ಎರಡು ಘಟನೆಗಳು

ಭಾರತದ ವೈದ್ಯಕೀಯ ಗರ್ಭಪಾತ ಕಾಯ್ದೆ ರೂಪುಗೊಂಡದ್ದು 1971ರ ಆಗಸ್ಟ್ ತಿಂಗಳಲ್ಲಿ. ಅದೇ ವರ್ಷದ ಮಾರ್ಚ್ 26ರಿಂದ ಡಿಸೆಂಬರ್ 16ರವರೆಗೆ ಬಾಂಗ್ಲಾದೇಶದ ಯುದ್ಧ ನಡೆಯಿತು. ಆ ಯುದ್ಧಕಾಲದಲ್ಲಿ ಸುಮಾರು 2 ಲಕ್ಷ ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತೆಂಬುದು ಬಾಂಗ್ಲಾದೇಶ ಸರ್ಕಾರ ನೀಡಿದ ಅಂಕಿ. ಗರ್ಭಪಾತಕ್ಕೆ ಕಟ್ಟುನಿಟ್ಟಿನ ನಿಷೇಧವಿದ್ದ ಆ ದೇಶ 1972ರಲ್ಲಿ ಈ ಸಂತ್ರಸ್ತೆಯರಿಗಾಗಿ ನಿಷೇಧವನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಯುದ್ಧವೂ ಗರ್ಭವೂ ಒಂದೇ ದೇಹದಲ್ಲಿ ಎದುರುಬದುರಾದ ಸಂದರ್ಭವಿದು. ಯುದ್ಧವನ್ನು ತಡೆಯಲಾಗದ ಲೋಕ, ಯುದ್ಧದ ಫಲವನ್ನು ಹೊರುವಂತೆ ಹೆಣ್ಣನ್ನು ಬಲವಂತಪಡಿಸಬಹುದೇ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ಅಮೆರಿಕದ ತತ್ವಜ್ಞಾನಿ ಜೂಡಿತ್ ಜಾರ್ವಿಸ್ ಥಾಮ್ಸನ್ ಗರ್ಭಪಾತವನ್ನು ಸಮರ್ಥಿಸುವ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದ್ದು ಕೂಡ 1971ರಲ್ಲಿಯೇ. ಭ್ರೂಣವು ಪೂರ್ಣ ಮನುಷ್ಯನೆಂದು ವಾದಕ್ಕಾಗಿ ಒಪ್ಪಿಕೊಂಡರೂ, ಇನ್ನೊಬ್ಬರ ದೇಹವನ್ನು ಅವರ ಒಪ್ಪಿಗೆಯಿಲ್ಲದೆ ಬಳಸುವ ಹಕ್ಕು ಯಾರಿಗೂ ಇಲ್ಲವೆಂಬುದು ಅವರ ವಾದ. ಆಗ ಅಮೆರಿಕದ ಯುವಕರನ್ನು ಕಡ್ಡಾಯವಾಗಿ ವಿಯೆಟ್ನಾಂ ಯುದ್ಧಕ್ಕೆ ಕಳುಹಿಸಲಾಗುತ್ತಿತ್ತು. ಸರ್ಕಾರ ನನ್ನ ದೇಹವನ್ನು ಬಲವಂತವಾಗಿ ಬಳಸಬಾರದೆಂಬ ನೆಲೆಯಲ್ಲಿ ಕಡ್ಡಾಯ ಸೇನಾಸೇವೆಯನ್ನೂ ಗರ್ಭಪಾತ ನಿಷೇಧವನ್ನೂ ವಿರೋಧಿಸಿದವನ ನಿಲುವು ಸುಸಂಗತವೇ. ಅವನ ಅಳತೆ ಭಾರ ಮತ್ತು ಅಧಿಕಾರದ್ದು.

ಇದಕ್ಕೆ ಪ್ರತಿಯಾಗಿ, ಷಿಕಾಗೋದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ 1983ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸದಲ್ಲಿ ಗರ್ಭಪಾತ, ಅಣುಯುದ್ಧ, ಮರಣದಂಡನೆಗಳನ್ನು ಒಂದೇ ನೀತಿಯಡಿ ನೋಡಬೇಕೆಂದರು. ಹೊಲಿಗೆಯಿಲ್ಲದ ಅಂಗಿ ಎಂಬ ರೂಪಕದಿಂದ ಈ ನಿಲುವು ಪ್ರಸಿದ್ಧವಾಯಿತು. ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟರೆ ಗರ್ಭಪಾತದ ಗಂಭೀರತೆ ಕುಗ್ಗುತ್ತದೆಂದು ಕೆಲವರು ಆಕ್ಷೇಪಿಸಿದರು. ತಾಯಿಯ ಬದುಕಿಗೆ ಆ ಅಂಗಿಯಲ್ಲಿ ಜಾಗವೆಲ್ಲಿ ಎಂದು ಇನ್ನು ಕೆಲವರು ಕೇಳಿದರು.

ನಮ್ಮ ಕಾನೂನು ಹಿಡಿದಿರುವ ದಾರಿ

ಭಾರತದ ಕಾನೂನು ಈ ಎರಡು ತುದಿಗಳಲ್ಲಿ ಯಾವುದನ್ನೂ ಪೂರ್ಣವಾಗಿ ಒಪ್ಪಿಲ್ಲ. 2021ರ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳವರೆಗೆ ಅತ್ಯಾಚಾರ ಸಂತ್ರಸ್ತೆಯರು, ಅಪ್ರಾಪ್ತ ವಯಸ್ಕರು, ಗರ್ಭಕಾಲದಲ್ಲಿ ವಿಧವೆಯರಾದವರು ಮೊದಲಾದ ನಿರ್ದಿಷ್ಟ ವರ್ಗಗಳಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ವಿಪತ್ತು ಅಥವಾ ತುರ್ತು ಪರಿಸ್ಥಿತಿಯೆಂದು ಸರ್ಕಾರ ಘೋಷಿಸಿದ ಸನ್ನಿವೇಶದಲ್ಲಿ ಸಿಲುಕಿದ ಗರ್ಭಿಣಿಯರೂ ಈ ಪಟ್ಟಿಯಲ್ಲಿದ್ದಾರೆ. 24 ವಾರಗಳ ಅನಂತರ, ಭ್ರೂಣದಲ್ಲಿ ಗಂಭೀರ ನ್ಯೂನತೆಯಿದೆಯೆಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿದರೆ ಅನುಮತಿಯುಂಟು. ತಾಯಿಯ ಪ್ರಾಣ ಉಳಿಸಲು ತಕ್ಷಣವೇ ಗರ್ಭಪಾತ ಅಗತ್ಯವಾದಾಗ ವಾರಗಳ ಮಿತಿಯಿಲ್ಲ. 18 ವರ್ಷ ತುಂಬಿದ ಮಹಿಳೆಯ ಒಪ್ಪಿಗೆಯಷ್ಟೇ ಬೇಕು; ಗಂಡನ ಒಪ್ಪಿಗೆ ಬೇಕಾಗಿಲ್ಲ.

2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಅವಿವಾಹಿತೆಯರಿಗೂ 24 ವಾರಗಳ ಅವಕಾಶವಿದೆಯೆಂದು ತೀರ್ಪಿತ್ತಿತು. ಅದೇ ನ್ಯಾಯಾಲಯ 2023ರ ಅಕ್ಟೋಬರ್ 16ರಂದು, ಇಬ್ಬರು ಮಕ್ಕಳ ತಾಯಿಯಾದ ವಿವಾಹಿತೆಯೊಬ್ಬರ 26 ವಾರ ಮೀರಿದ ಗರ್ಭದ ಅಂತ್ಯಕ್ಕೆ ಅನುಮತಿ ನಿರಾಕರಿಸಿತು. ಗರ್ಭ ಬೆಳೆದಂತೆ ಅದರ ಹಕ್ಕಿನ ತೂಕವೂ ಬೆಳೆಯುತ್ತದೆಂಬ ನೋಟ ಇಲ್ಲಿದೆ. ಮರಣದಂಡನೆಗೆ ಗುರಿಯಾದ ಮಹಿಳೆ ಗರ್ಭಿಣಿಯಾಗಿದ್ದರೆ ಆ ಶಿಕ್ಷೆಯನ್ನು ಉಚ್ಚ ನ್ಯಾಯಾಲಯ ಜೀವಾವಧಿಗೆ ಇಳಿಸಬೇಕೆಂದೂ ಕಾನೂನಿದೆ. ಯುದ್ಧಕಾಲದಲ್ಲಿ ಗರ್ಭಿಣಿಯರಿಗೆ ವಿಶೇಷ ರಕ್ಷಣೆ ನೀಡಬೇಕೆಂದು 1949ರ ನಾಲ್ಕನೆಯ ಜಿನೀವಾ ಒಪ್ಪಂದ ಹೇಳುತ್ತದೆ.

ನಮ್ಮ ಅಳತೆ ತಪ್ಪುವುದೆಲ್ಲಿ?

ನಮ್ಮ ಸಮಾಜದಲ್ಲಿ ಅಳತೆ ತಪ್ಪುತ್ತಿರುವ ಮುಖ್ಯ ಸ್ಥಳ ಲಿಂಗಾಧಾರಿತ ಗರ್ಭಪಾತ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಜಾಲ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸುತ್ತಿತ್ತೆಂಬ ಸಂಗತಿ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಗರ್ಭಪಾತವೆಲ್ಲ ಪಾಪವೆನ್ನುವ ಮನೆಯಲ್ಲಿಯೇ ಮೂರನೆಯ ಹೆಣ್ಣು ಬೇಡವೆಂಬ ಮಾತು ಕೇಳಿಬಂದರೆ ಅಲ್ಲಿರುವುದು ಜೀವದ ಗೌರವವಲ್ಲ, ಗಂಡಿನ ಗೌರವ. ಇನ್ನೊಂದೆಡೆ, ಭ್ರೂಣಹತ್ಯೆ ಅಪರಾಧ ಎಂಬ ಗೋಡೆಬರಹಗಳು ಎಲ್ಲ ಗರ್ಭಪಾತವೂ ಅಪರಾಧವೆಂಬ ಭ್ರಮೆಯನ್ನು ಹುಟ್ಟಿಸಿವೆ. ಈ ಭ್ರಮೆಯಿಂದ ಹೆದರಿದ ಹೆಣ್ಣು ಆಸ್ಪತ್ರೆಯನ್ನು ಬಿಟ್ಟು ನಾಟಿ ಮದ್ದಿಗೆ ಮೊರೆಹೋಗುತ್ತಾಳೆ. 2001–03ರ ಸರ್ಕಾರಿ ಸಮೀಕ್ಷೆಯಂತೆ ದೇಶದ ತಾಯಂದಿರ ಮರಣಗಳಲ್ಲಿ ಶೇ 8ರಷ್ಟಕ್ಕೆ ಗರ್ಭಪಾತ ಸಂಬಂಧಿ ಕಾರಣಗಳಿದ್ದವು. ಚಿಂಚೋಳಿಯ ದೂರದ ತಾಂಡಾದಿಂದ ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ಮಹಿಳೆಗೆ 20 ವಾರಗಳ ಮಿತಿಯೆಂದರೆ ಬಸ್ಸು, ಕೂಲಿ, ಮನೆಯವರ ಒತ್ತಡಗಳ ನಡುವೆ ಓಡುವ ಗಡಿಯಾರ. ಜೀವದ ಪರವೆನ್ನುವವರು ಈ ತಾಯಿಯ ಜೀವವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಕ್ಕಿನ ಪರವೆನ್ನುವವರು ಆಸ್ಪತ್ರೆಯಿಲ್ಲದೆಡೆ ಹಕ್ಕು ಬರಿಯ ಕಾಗದವೆಂಬುದನ್ನು ಒಪ್ಪಬೇಕು.

ಯುದ್ಧದ ವಿಷಯದಲ್ಲಿಯೂ ನಮಗೆ ಸ್ವಂತ ಪರೀಕ್ಷೆಯೊಂದಿದೆ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಈ ಭಾಗದಲ್ಲಿ ವಿಮೋಚನಾ ದಿನ ಆಚರಿಸಲಾಗುತ್ತದೆ. ನಿಜಾಮ ಆಳ್ವಿಕೆಯ ಕೊನೆಯ ದಿನಗಳಲ್ಲಿ ರಜಾಕಾರರು ಎಸಗಿದ ಕ್ರೌರ್ಯ, 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ ನೆನಪಿನಲ್ಲಿ ಉಳಿದಿವೆ; ಉಳಿಯಲೇಬೇಕು. ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ ಕೆಲವೇ ದಿನಗಳಲ್ಲಿ ಮುಗಿಯಿತು. ಆದರೆ ಅದರ ವೇಳೆಯಲ್ಲಿ ಹಾಗೂ ಅನಂತರ ನಡೆದ ಹಿಂಸೆಯಲ್ಲಿ ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಪ್ರಧಾನಿ ನೆಹರೂ ಕಳುಹಿಸಿದ್ದ ಪಂಡಿತ ಸುಂದರಲಾಲ್ ಸಮಿತಿ ಅಂದಾಜಿಸಿತು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾವೂ ಒಂದೆಂದು ಹೇಳಿತು. ಸತ್ತವರಲ್ಲಿ ಹೆಚ್ಚಿನವರು ರಜಾಕಾರರಲ್ಲದ ಸಾಮಾನ್ಯ ಮುಸ್ಲಿಮರು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ.

ವಿಮೋಚನೆ ಅಗತ್ಯವಾಗಿತ್ತೆಂದು ನಂಬುವುದಕ್ಕೂ ಆ ಅಮಾಯಕರ ಸಾವು ಅನ್ಯಾಯವೆಂದು ಹೇಳುವುದಕ್ಕೂ ವಿರೋಧವಿಲ್ಲ. ಗೋರ್ಟಾದಲ್ಲಿ ಸತ್ತವರಿಗೆ ಒಂದು ಕಣ್ಣೀರು, ಸೆಪ್ಟೆಂಬರಿನ ಅನಂತರ ಸತ್ತವರಿಗೆ ಮೌನವೆಂದಾದರೆ ಅಲ್ಲಿ ಎರಡು ಸೇರುಗಳಿವೆಯೆಂದೇ ಅರ್ಥ. ಒಬ್ಬರ ಸಾವನ್ನು ನೆನೆದು ಇನ್ನೊಬ್ಬರ ಸಾವನ್ನು ಮರೆಯುವ ತಪ್ಪು ಎರಡೂ ಕಡೆಯವರಿಂದ ನಡೆಯಬಹುದು.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಹಾಗಾದರೆ ಸಾಮಾನ್ಯ ಓದುಗನು ತನ್ನ ನಿಲುವನ್ನು ಪರೀಕ್ಷಿಸಿಕೊಳ್ಳುವುದು ಹೇಗೆ? ನಾನು ಕೊಡುತ್ತಿರುವ ಕಾರಣವನ್ನು ನನಗೆ ಪ್ರಿಯವಲ್ಲದ ಸಂದರ್ಭಕ್ಕೂ ಅನ್ವಯಿಸಲು ಸಿದ್ಧನಿದ್ದೇನೆಯೇ? ಸಾಯುವವರು ನಮ್ಮವರಾಗಿದ್ದರೆ, ಗರ್ಭದಲ್ಲಿರುವುದು ಗಂಡಾಗಿದ್ದರೆ, ನನ್ನ ಮಾತು ಬದಲಾಗುತ್ತದೆಯೇ? ಭಾರ ಹೊರುವವರ ಮಾತನ್ನು ಕೇಳಿದ್ದೇನೆಯೇ, ಅಥವಾ ಯುದ್ಧಕ್ಕೆ ಹೋಗದವನು ಯುದ್ಧವನ್ನೂ ಬಸುರಾಗದವನು ಬಸಿರನ್ನೂ ತೀರ್ಮಾನಿಸುತ್ತಿದ್ದೇನೆಯೇ?

ಈ ಪ್ರಶ್ನೆಗಳಿಗೆ ಉತ್ತರಿಸಿದ ಬಳಿಕವೂ ಇಬ್ಬರು ಪ್ರಾಮಾಣಿಕರು ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು. ಒಬ್ಬರಿಗೆ ಗರ್ಭಸ್ಥ ಜೀವದ ಸ್ಥಾನ ದೊಡ್ಡದಾಗಿ ಕಾಣಬಹುದು, ಇನ್ನೊಬ್ಬರಿಗೆ ಹೊರುವ ದೇಹದ ಹಕ್ಕು ದೊಡ್ಡದಾಗಿ ಕಾಣಬಹುದು. ಆ ಭಿನ್ನತೆಯನ್ನು ಕಪಟವೆನ್ನಲಾಗದು. ತಮಗೆ ಬೇಕಾದಾಗ ಜೀವವನ್ನು ಪವಿತ್ರವೆಂದು ಕರೆದು, ಬೇಡವಾದಾಗ ಅದನ್ನೇ ಲೆಕ್ಕದಿಂದ ಕೈಬಿಡುವುದು ಮಾತ್ರ ಕಪಟ. ಸನ್ನತಿಯ ಕಲ್ಲಿನಲ್ಲಿ ಎಲ್ಲ ಪ್ರಜೆಗಳೂ ನನ್ನ ಮಕ್ಕಳೆಂದು ಬರೆಸಿದವನ ಮಾತಿಗೆ ಇಂದಿಗೂ ಅರ್ಥವಿರಬೇಕಾದರೆ, ಎಲ್ಲ ಎಂಬ ಆ ಪದದಿಂದ ಯಾರನ್ನು ಹೊರಗಿಡುತ್ತಿದ್ದೇವೆಂಬುದನ್ನು ಪ್ರತಿಯೊಬ್ಬರೂ ಹೇಳಬಲ್ಲವರಾಗಿರಬೇಕು. ಹೊರಗಿಟ್ಟದ್ದಕ್ಕೆ ಕಾರಣವನ್ನೂ ಕೊಡಬೇಕು.